ಲಕ್ಕುಂಡಿಯ ಬಚ್ಚಲಿಗೆ ಅಡ್ಡಿ, ಗುಡ್ಡದ ಬುಡದ ಈಜುಕೊಳಕ್ಕೆ ಸಲೀಸು: ಗದಗ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ ಸಾದರ ನಮಸ್ಕಾರ.

ನಾನು ಗದಗ-ಬೆಟಗೇರಿಯಲ್ಲಿ ಮನೆಗಳ ನಕಾಶೆ ತೆಗೆದು, ಪರವಾನಿಗೆಯ ಕಾಗದಪತ್ರ ಹಿಡಿದು ಕಚೇರಿಗಳಿಗೆ ಓಡಾಡಿ ಹೊಟ್ಟೆ ಹೊರೆಯುವವನು. ಜಿಲ್ಲೆಗೆ ಬಂದ ಪ್ರವಾಸಿಗರು ಒಂದು ರಾತ್ರಿಯಾದರೂ ಉಳಿಯಬೇಕು, ಅದಕ್ಕೆ ಹೋಂಸ್ಟೇ ಬೇಕು ಎನ್ನುವ ಮಾತು ಈಚೆಗೆ ಎಲ್ಲ ಸಭೆಗಳಲ್ಲೂ ಕೇಳಿಬರುತ್ತಿದೆ. ಬೇಕು, ಖಂಡಿತ ಬೇಕು. ನನ್ನ ತಕರಾರು ಅನುಮತಿ ಕೊಡುವ ರೀತಿಯದು. ಊರೊಳಗಿನ ಹಳೇ ಮನೆಯವರು ಎರಡು ಕೋಣೆ ಬಂದವರಿಗೆ ಬಿಟ್ಟುಕೊಡುತ್ತೇವೆ ಎಂದರೆ ಇದ್ದಬದ್ದ ಕಾಯ್ದೆಯೆಲ್ಲ ಎದ್ದು ಬಾಗಿಲಿಗೆ ಬಂದು ನಿಲ್ಲುತ್ತದೆ. ಊರಾಚೆ ಎರೆ ಹೊಲದಲ್ಲಿ ಸಾಲು ಕಾಟೇಜು ಎಬ್ಬಿಸುವವರನ್ನು ಮಾತ್ರ ನೀರು ಎಲ್ಲಿಂದ, ಹೊಲಸು ಎಲ್ಲಿಗೆ ಎಂದು ಕೇಳುವವರೇ ಇಲ್ಲ. ಯಾರಿಂದ ಹಾನಿ ಕಡಿಮೆಯೋ ಅವರ ಮೇಲೆ ಬಿಗಿ, ಯಾರಿಂದ ಹೆಚ್ಚೋ ಅವರಿಗೆ ಸಡಿಲು. ಇದನ್ನು ತಿರುಗಿಸಿ ಹಾಕುವ ಅಧಿಕಾರದಲ್ಲಿ ದೊಡ್ಡ ಪಾಲು ತಮ್ಮ ಮೇಜಿನ ಮೇಲೇ ಇದೆ ಎಂಬ ಕಾರಣಕ್ಕೆ ಈ ಪತ್ರ.

ಮೊದಲು ಲಕ್ಕುಂಡಿ. ಗದಗಿನಿಂದ 12 ಕಿ.ಮೀ., ಹುಬ್ಬಳ್ಳಿ-ಹೊಸಪೇಟೆ ಹೆದ್ದಾರಿಯ ಮಗ್ಗುಲಿಗೇ ಇರುವ ಊರು. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯ, ಕಾಶಿ ವಿಶ್ವೇಶ್ವರ, ನನ್ನೇಶ್ವರ, ಮಾಣಿಕೇಶ್ವರನ ಮುಂದಿನ ಮುಸುಕಿನ ಬಾವಿ, ಇಷ್ಟನ್ನು ಎರಡು-ಮೂರು ತಾಸಿನಲ್ಲಿ ನೋಡಿ ಮುಗಿಸಿ, ಬಂದವರು ಮಲಗಲು ಹಂಪಿಗೋ ಬಾದಾಮಿಗೋ ಹೋಗಿಬಿಡುತ್ತಾರೆ. ಊರಿಗೆ ಅವರು ಬಿಟ್ಟುಹೋಗುವ ರೊಕ್ಕ ಚಹಾದ್ದು, ಹೆಚ್ಚೆಂದರೆ ಮಿರ್ಚಿ-ಮಂಡಕ್ಕಿಯದು.

ಅಲ್ಲಿ ಗುಡಿಯೊಂದರ ಕಾಂಪೌಂಡಿನಿಂದ ಕೂಗಳತೆಯಲ್ಲಿರುವ ಮನೆಗೆ ನನ್ನನ್ನು ಕರೆಸಿದ್ದರು. ಕಲ್ಲು-ಮಣ್ಣಿನ ದಪ್ಪ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ನಡುಮನೆಗೆ ಬೆಳಕಿಂಡಿ. ಪಡಸಾಲೆಯ ಸಾಗವಾನಿ ಕಂಬಗಳಿಗೆ ಎಣ್ಣೆ ಕಾಣಿಸಿ ಎಷ್ಟು ವರ್ಷವಾಯಿತೋ, ಆದರೂ ಗಟ್ಟಿ ನಿಂತಿವೆ. ದನ ಕಟ್ಟುತ್ತಿದ್ದ ಜಾಗ ಖಾಲಿ, ಮಕ್ಕಳು ಬೆಂಗಳೂರಿನಲ್ಲಿ. ಮೇ ತಿಂಗಳ ಬಿಸಿಲಲ್ಲೂ ಆ ಮನೆಯೊಳಗೆ ಫ್ಯಾನು ಬೇಕೆನಿಸಲಿಲ್ಲ. ಕೋಣೆ ಇವೆ, ರೊಟ್ಟಿ ಬಡಿಯುವ ಕೈ ಇದೆ, ಹೊತ್ತು ಹೋಗದ ಹಿರಿಯ ಜೀವ ಇದೆ. ಇಲ್ಲದ್ದು ಒಂದೇ. ಮನೆಯೊಡತಿ ನೇರ ಹೇಳಿದರು: "ಬಂದೋರ್ ಉಣ್ತಾರ, ಮಲಗ್ತಾರ. ಮುಂಜಾನೆ ಎದ್ದು ಎಲ್ಲಿಗಿ ಕಳಸ್ಲೆಪಾ ತಮ್ಮಾ?"

ಅವರಿಗೆ ಬೇಕಾದದ್ದು ಎರಡು ಸಂಡಾಸು-ಬಚ್ಚಲು. ಕೇಳಲು ಹೋದ ಕಚೇರಿಯಲ್ಲಿ ಸಿಕ್ಕ ಉತ್ತರ ಒಂದೇ ಸಾಲಿನದು: "ಗುಡಿ ಹತ್ರ ಏನೂ ಆಗಂಗಿಲ್ಲ." ಕಚೇರಿಯ ಹೆಸರು ಇಲ್ಲಿ ಬೇಡ. ಉತ್ತರ ಕೊಟ್ಟವರಿಗೂ ಮೇಲಿನವರು ಅಷ್ಟೇ ಹೇಳಿಕೊಟ್ಟಿದ್ದಾರೆ.

ಕಾಯ್ದೆ ಅಷ್ಟು ಒರಟಾಗಿಲ್ಲ, ಸ್ವಾಮಿ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡಿಯ ಪ್ರಕಾರ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಮೊದಲ ಸುತ್ತಿನಲ್ಲಿ ಹೊಸ ಕಟ್ಟಡ ಇಲ್ಲವೇ ಇಲ್ಲ. ಆದರೆ ಮೊದಲೇ ಇದ್ದ ಕಟ್ಟಡದ ದುರಸ್ತಿ ಮತ್ತು ನವೀಕರಣಕ್ಕೆ ಕಲಂ 20-ಸಿ ಅಡಿಯಲ್ಲಿ ಅರ್ಜಿ ಹಾಕಿ ಅನುಮತಿ ಪಡೆಯಬಹುದು. ಹಿತ್ತಲಲ್ಲಿ ಹೊಸ ಗೋಡೆ ಎಬ್ಬಿಸುವಂತಿಲ್ಲ, ಸರಿ. ಇದ್ದ ಸೂರಿನಡಿಯೇ ಖಾಲಿ ಬಿದ್ದ ದನದ ಕೋಣೆಯನ್ನು ಬಚ್ಚಲು ಮಾಡಿಕೊಳ್ಳುವುದು ನವೀಕರಣವೇ ಹೊರತು ಹೊಸ ನಿರ್ಮಾಣ ಹೇಗಾದೀತು? ಇನ್ನೂ ಒಂದಿದೆ. ನಿರ್ಮಾಣ ಎಂದರೇನು ಎಂದು ಹೇಳುವಾಗ ಆ ಕಾಯ್ದೆ ಚರಂಡಿ ಕೆಲಸವನ್ನೂ ಸಾರ್ವಜನಿಕ ಶೌಚಾಲಯವನ್ನೂ ಸ್ಪಷ್ಟವಾಗಿ ಹೊರಗಿಟ್ಟಿದೆ. ಅಂದರೆ ಹಳೇ ಓಣಿಗೊಂದು ನೆಟ್ಟಗಿನ ಒಳಚರಂಡಿ, ನಾಲ್ಕಾರು ಮನೆಗಳಿಗೆ ಸೇರಿ ಪಂಚಾಯ್ತಿಯದೇ ಒಂದು ಒಳ್ಳೆಯ ಶೌಚಾಲಯ ಕಟ್ಟಲು ನಿಷೇಧಿತ ಸುತ್ತೂ ಅಡ್ಡ ಬರುವುದಿಲ್ಲ. ಅಡ್ಡ ಬಂದಿರುವುದು, ಇದನ್ನು ಬಿಡಿಸಿ ಹೇಳುವವರು ಊರಲ್ಲಿ ಒಬ್ಬರೂ ಇಲ್ಲದಿರುವುದು.

100 ಮೀಟರನ್ನು 50ಕ್ಕೆ ಇಳಿಸಿ ಎಂದು ನಾನು ಕೇಳುತ್ತಿಲ್ಲ. ಪಾಯ ತೋಡಿದಲ್ಲಿ ಕೆತ್ತಿದ ಕಲ್ಲು ಸಿಗುವ ಊರದು. ಅಲ್ಲಿ ಜೆಸಿಬಿಗೆ ಹೆದರಿಕೆ ಇರಲೇಬೇಕು. ಆದರೆ ಗುಡಿಗಳು ಊರ ತುಂಬ ಚೆಲ್ಲಿಕೊಂಡಿವೆ. ಒಂದೊಂದಕ್ಕೂ ಸುತ್ತು ಎಳೆದು ನೋಡಿದರೆ ಸುತ್ತಿನ ಮೇಲೆ ಸುತ್ತು ಬಿದ್ದು ಹಳೇ ಊರೇ ಒಳಗೆ ಬರುತ್ತದೆ. ಒಳಗಿನವರಿಗೆ "ಆಗಂಗಿಲ್ಲ" ಎಂಬುದೊಂದೇ ಉತ್ತರವಾದರೆ ಆ ಮಾಳಿಗೆ ಮನೆಗಳು ಒಂದೊಂದಾಗಿ ಬೀಳುತ್ತವೆ, ಇಲ್ಲವೇ ಯಾರಿಗೂ ಹೇಳದೆ ಕೇಳದೆ ರಾತ್ರೋರಾತ್ರಿ ಸಿಮೆಂಟು ಮೆತ್ತಿಸಿಕೊಳ್ಳುತ್ತವೆ. ಎರಡೂ ಶುರುವಾಗಿವೆ. ಪ್ರತಿ ಸ್ಮಾರಕಕ್ಕೂ ಅದರದೇ ಪಾರಂಪರಿಕ ಉಪವಿಧಿ, ಅಂದರೆ ಅದರ ಸುತ್ತಲಿನ ಕಟ್ಟಡಗಳಿಗೆ ಅನ್ವಯಿಸುವ ನಿಯಮಾವಳಿ, ಆಗಬೇಕು ಎಂದು ಅದೇ ಕಾಯ್ದೆ ಹೇಳುತ್ತದೆ. ಲಕ್ಕುಂಡಿಯ ಮನೆಯವರಿಗೆ ಆ ಉಪವಿಧಿಗಳನ್ನು ಕನ್ನಡದಲ್ಲಿ ಗ್ರಾಮ ಪಂಚಾಯ್ತಿ ಗೋಡೆಯ ಮೇಲೆ ಓದಲು ಸಿಗುವ ಹಾಗೆ ಮಾಡಿದರೆ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ.

ಈಗ ಇನ್ನೊಂದು ಅರ್ಜಿದಾರರ ಕಥೆ. ಕಪ್ಪತಗುಡ್ಡದ ಬುಡದ ಒಂದು ಹಳ್ಳಿಯ ಹೊಲ, ಕೊಂಡವರು ಹೊರಗಿನವರು. ಬೇಕಾದದ್ದು ಹದಿನೆಂಟು ಕಾಟೇಜು, ಈಜುಕೊಳ, ಮದುವೆಗೊಂದು ಲಾನ್. ಪ್ರವಾಸೋದ್ಯಮ ಇಲಾಖೆಯ ಲೆಕ್ಕದಲ್ಲಿ ಹೋಂಸ್ಟೇ ಎಂದರೆ ಮನೆಯ ಮಾಲೀಕರು ಅಲ್ಲೇ ವಾಸವಿರಬೇಕು, ಐದು ಕೋಣೆ ಮೀರಬಾರದು. ನಾನು ಅದನ್ನು ಹೇಳಿದೆ. ಅವರು ನಕ್ಕು, "ಹೋಂಸ್ಟೇ ಅಂತನ ಬರೀರಿ. ಐದೈದರಂಗ ನಾಕು ಹೆಸರಿನ್ಯಾಗ ತೋರಸೋಣು" ಎಂದರು. ಅಣ್ಣನ ಹೆಸರಲ್ಲಿ ಐದು, ಹೆಂಡತಿಯ ಹೆಸರಲ್ಲಿ ಐದು, ಅಳಿಯನ ಹೆಸರಲ್ಲಿ ಐದು, ಉಳಿದ ಮೂರು ತಮ್ಮ ಹೆಸರಲ್ಲಿ. ನಾಲ್ಕು ‘ಮನೆ’ಗಳಿಗೆ ಒಂದೇ ಗೇಟು, ಒಂದೇ ಬೋರ್‌ವೆಲ್ಲು, ಒಂದೇ ಅಡುಗೆಮನೆ. ನಾನು ಆ ನಕಾಶೆ ತೆಗೆಯಲಿಲ್ಲ. ನನ್ನ ಕಸುಬಿನವರು ಜಿಲ್ಲೆಯಲ್ಲಿ ಬೇಕಾದಷ್ಟು ಜನ ಇದ್ದೇವೆ, ಯಾರೋ ಒಬ್ಬರು ತೆಗೆದೇ ತೆಗೆಯುತ್ತಾರೆ.

ಆ ನಕಾಶೆ ತಮ್ಮ ಕಚೇರಿಗೆ ಬಂದಾಗ ಏನಾಗುತ್ತದೆ ನೋಡಿ. ನಗರಾಭಿವೃದ್ಧಿ ಪ್ರಾಧಿಕಾರದ ಯೋಜನಾ ಪ್ರದೇಶದೊಳಗಿದ್ದರೆ ಮಹಾಯೋಜನೆ ಇದೆ, ಹಸಿರು ಪಟ್ಟಿ, ವಸತಿ ಪಟ್ಟಿ ಎಂದು ಬಣ್ಣ ಹಚ್ಚಿದ ನಕಾಶೆ ಇದೆ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಕಲಂ 14-ಎ ಪ್ರಕಾರ ಭೂಬಳಕೆ ಬದಲಿಸಲು ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಸಾರ್ವಜನಿಕರ ಆಕ್ಷೇಪಣೆ ಕರೆಯಬೇಕು. ಗುಡ್ಡದ ಬುಡ ಆ ಗಡಿಯಾಚೆ. ಅಲ್ಲಿ ಬಣ್ಣವೂ ಇಲ್ಲ, ಪಟ್ಟಿಯೂ ಇಲ್ಲ, ಪ್ರಕಟಣೆಯೂ ಇಲ್ಲ. ಭೂಕಂದಾಯ ಕಾಯ್ದೆಯ ಕಲಂ 95ರಡಿ ಎನ್.ಎ., ಅಂದರೆ ಹೊಲವನ್ನು ಕೃಷಿಯೇತರ ಬಳಕೆಗೆ ಪರಿವರ್ತಿಸುವ ಆದೇಶ, ಆದರೆ ಮುಗಿಯಿತು. ಪಹಣಿ, ನಕಾಶೆ, ಅಫಿಡವಿಟ್ಟು, ಫೀ. ಆಮೇಲೆ ಪಂಚಾಯ್ತಿಯ ಕಟ್ಟಡ ಪರವಾನಿಗೆ.

ಪರಿಸರದ ಪ್ರಶ್ನೆ? 2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಅಧಿಸೂಚನೆ ಕಟ್ಟಡಗಳನ್ನು ಮುಟ್ಟುವುದೇ 20,000 ಚದರ ಮೀಟರ್ ಕಟ್ಟಡ ಪ್ರದೇಶ ದಾಟಿದ ಮೇಲೆ. ಹತ್ತಿರಹತ್ತಿರ ಐದು ಎಕರೆ ಬರೀ ಸಜ್ಜಾ-ಸ್ಲ್ಯಾಬು! 50 ಚದರ ಮೀಟರಿನ ಹದಿನೆಂಟು ಕಾಟೇಜು ಕೂಡಿಸಿದರೆ 900 ಆಗುತ್ತದೆ. ಮಾಲಿನ್ಯ ನಿಯಂತ್ರಣದವರ 2016ರ ವರ್ಗೀಕರಣದಲ್ಲೂ ಬಾಯ್ಲರ್ ಇಲ್ಲದ, 20 ಕೋಣೆಯೊಳಗಿನ ಹೋಟೆಲು ಹಸಿರು ವರ್ಗದ್ದು, ಅಂದರೆ ಹೆಚ್ಚು ಉಪದ್ರವವಿಲ್ಲದ್ದು. ಬೆಂಗಳೂರಿನ ಗಗನಚುಂಬಿಗಳನ್ನು ಮನಸ್ಸಿನಲ್ಲಿಟ್ಟು ಹೆಣೆದ ಜರಡಿ ಇದು. ನಮ್ಮ ಗುಡ್ಡದ ಬುಡದಲ್ಲಿ ಇದರ ಕಣ್ಣಿನಿಂದ ಆನೆಯೂ ಸಲೀಸಾಗಿ ಜಾರಿಹೋಗುತ್ತದೆ.

ಹದಿನೆಂಟು ಕಾಟೇಜಿನ ನೀರಿನ ಲೆಕ್ಕವನ್ನು ನಾನು ಕೂತು ಮಾಡಿದ್ದೇನೆ. ರಾಷ್ಟ್ರೀಯ ಕಟ್ಟಡ ಸಂಹಿತೆ ಸಾಧಾರಣ ಹೋಟೆಲಿಗೆ ತಲೆಗೆ ದಿನಕ್ಕೆ 180 ಲೀಟರ್ ಹಿಡಿಯುತ್ತದೆ. ಕಾಟೇಜಿಗೆ ಇಬ್ಬರಂತೆ 36 ಜನ, ದಿನಕ್ಕೆ 6,480 ಲೀಟರ್. ಜಲಜೀವನ ಮಿಷನ್ ಹಳ್ಳಿಯವರಿಗೆ ಹಿಡಿದ ಅಳತೆ 55 ಲೀಟರ್. 36 ಅತಿಥಿಗಳ ನೀರಿನಲ್ಲಿ ಹಳ್ಳಿಯ 118 ಜನ ಒಂದು ದಿನ ಕಳೆಯಬಹುದು. ಈಜುಕೊಳ ಸಣ್ಣದೇ ಎನ್ನಿ, 10 ಮೀಟರ್ ಉದ್ದ, 5 ಅಗಲ, 1.2 ಆಳ. ಒಮ್ಮೆ ತುಂಬಿಸಲು 60,000 ಲೀಟರ್, ಸಾವಿರದ ಮೇಲೆ ಜನರ ಒಂದು ದಿನದ ನೀರು. ಬೇಸಿಗೆಯಲ್ಲಿ ಆರಿಹೋಗುವುದು ಬೇರೆ, ಲಾನಿಗೆ ಹಾಯಿಸುವುದು ಬೇರೆ. ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ ಬೀಳುವ ಜಿಲ್ಲೆ ನಮ್ಮದು. ಅನೇಕ ಹಳ್ಳಿಗಳ ಬೋರಿನ ನೀರಲ್ಲಿ ಫ್ಲೋರೈಡು. ಜಿಲ್ಲಾ ಕೇಂದ್ರದಲ್ಲೇ ನಳದ ನೀರಿಗೆ ವಾರ ದಾಟಿ ಕಾಯುವ ಓಣಿಗಳಿವೆ. ಹೀಗಿರುವಾಗ ಅಕ್ಕಪಕ್ಕದ ಹೊಲದವರ ಬೋರು ಬತ್ತೀತೇ ಎಂಬ ಒಂದು ಪ್ರಶ್ನೆಯನ್ನು ಎನ್.ಎ. ನಮೂನೆ ಕೇಳುವುದಿಲ್ಲವೆಂದರೆ ಏನು ಹೇಳೋಣ?

ಒಳಬಂದ ನೀರು ಹೊರಗೂ ಹೋಗಬೇಕು. ನಕಾಶೆಯ ಮೂಲೆಯಲ್ಲಿ ‘ಸೆಪ್ಟಿಕ್ ಟ್ಯಾಂಕ್ ಮತ್ತು ಸೋಕ್ ಪಿಟ್’ ಎಂದು ಒಂದು ಚೌಕ, ಒಂದು ದುಂಡು ಬರೆದುಬಿಡುತ್ತೇವೆ; ಚೌಕ ಹೊಲಸು ತಂಗುವ ತೊಟ್ಟಿ, ದುಂಡು ನೀರು ನೆಲಕ್ಕೆ ಇಂಗುವ ಗುಂಡಿ. ನಾನೂ ಬರೆಯುತ್ತೇನೆ. ಮಸಾರಿ ನೆಲದಲ್ಲಿ ಅದು ನಡೆದೀತು. ಎರೆ ಮಣ್ಣು ನೀರು ಕುಡಿದು ಉಬ್ಬಿ ಬಾಯಿ ಮುಚ್ಚಿಕೊಳ್ಳುತ್ತದೆ. ಒಂದು ಮನೆಯ ಹೊಲಸನ್ನು ಹೇಗೋ ತಾಳಿಕೊಂಡ ಗುಂಡಿ 36 ಜನರದ್ದನ್ನು ತಾಳುವುದಿಲ್ಲ. ಬೇಸಿಗೆಯಲ್ಲಿ ಬಿರಿದ ನೆಲದ ಸೀಳಿನಲ್ಲಿ ಇಳಿಯುತ್ತದೆ, ಮಳೆಗಾಲದಲ್ಲಿ ಮೇಲುಕ್ಕಿ ಹಳ್ಳ ಸೇರುತ್ತದೆ. ಎರೆ ಹೊಲದಲ್ಲಿ ನೆಲ ನೀರು ಹೀರುವ ಪರೀಕ್ಷೆ ಮಾಡಿಸದೆ ಸೋಕ್ ಪಿಟ್ಟಿಗೆ ಒಪ್ಪಿಗೆ ಕೊಡಬಾರದು. ಗುಂಡಿ ತೋಡಿ ನೀರು ಹಾಕಿ ಗಡಿಯಾರ ನೋಡುವ ಪರೀಕ್ಷೆ ಅದು, ಒಂದು ದಿನದ ಕೆಲಸ.

ಕಪ್ಪತಗುಡ್ಡದ ಮೇಲೆ ಈ ಜಿಲ್ಲೆಯ ಜನ ಎಷ್ಟು ಹೋರಾಡಿದ್ದಾರೆ ಎಂಬುದು ಕಡತಗಳಲ್ಲಿದೆ. ಹಳ್ಳಿಗುಡಿಯಲ್ಲಿ ಬರಲಿದ್ದ ಪೋಸ್ಕೋ ಉಕ್ಕಿನ ಕಾರ್ಖಾನೆಯ ವಿರುದ್ಧ 2011ರಲ್ಲಿ ತೋಂಟದಾರ್ಯ ಮಠದ ಲಿಂ. ಸಿದ್ಧಲಿಂಗ ಸ್ವಾಮೀಜಿಯವರೇ ಬೀದಿಗಿಳಿದರು, ಯೋಜನೆ ಹಿಂದೆ ಹೋಯಿತು. 2015ರಲ್ಲಿ ಸಂರಕ್ಷಿತ ಮೀಸಲು ಎಂದು ಘೋಷಿಸಿ, 2016ರಲ್ಲಿ ಅದನ್ನೇ ಹಿಂಪಡೆದು, ಜನ ಎದ್ದ ಮೇಲೆ 2017ರಲ್ಲಿ ಮತ್ತೆ ಕೊಟ್ಟು, ಕೊನೆಗೆ 2019ರಲ್ಲಿ ವನ್ಯಜೀವಿ ಧಾಮವಾಯಿತು. ಸುಮಾರು 244 ಚದರ ಕಿ.ಮೀ. ಗಣಿಯವರ ಡೋಜರ್ ಬಂದರೆ ಎಲ್ಲರ ಕಣ್ಣಿಗೂ ಕಾಣುತ್ತದೆ. ಕಾಟೇಜು ಒಂದೊಂದಾಗಿ ಬರುತ್ತದೆ, ಅದೂ ‘ಪರಿಸರಸ್ನೇಹಿ’ ಎಂಬ ಬೋರ್ಡು ಹೊತ್ತು. ಗುಡ್ಡದ ತೋಳ, ಕತ್ತೆಕಿರುಬಗಳಿಗೆ ಧಾಮದ ಗಡಿಕಲ್ಲು ಗೊತ್ತಿಲ್ಲ. ರಾತ್ರಿ ಬುಡದ ಬೀಳು ಹೊಲಗಳಲ್ಲೇ ಅವುಗಳ ಓಡಾಟ. ಅಭಯಾರಣ್ಯಗಳ ಸುತ್ತಲಿನ ಪರಿಸರ ಸೂಕ್ಷ್ಮ ವಲಯದ ಅಧಿಸೂಚನೆಗಳಲ್ಲಿ ಗಡಿಯಿಂದ ಒಂದು ಕಿ.ಮೀ. ಒಳಗೆ, ಅಥವಾ ವಲಯ ಅದಕ್ಕಿಂತ ಚಿಕ್ಕದಿದ್ದರೆ ವಲಯದುದ್ದಕ್ಕೂ, ಹೊಸ ವಾಣಿಜ್ಯ ಹೋಟೆಲು-ರೆಸಾರ್ಟು ಬೇಡ ಎಂಬ ಷರತ್ತು ಸಾಮಾನ್ಯವಾಗಿ ಇರುತ್ತದೆ. ನಾಲ್ಕು ಹೆಸರಿನ ಹೋಂಸ್ಟೇ ಹುಟ್ಟುವುದೇ ಆ ‘ವಾಣಿಜ್ಯ’ ಎಂಬ ಹಣೆಪಟ್ಟಿ ತಪ್ಪಿಸಿಕೊಳ್ಳಲು.

ಮಾಗಡಿ ಕೆರೆಯದೂ ಇದೇ ಗೋಳು ಆಗುವ ಮೊದಲೇ ಹೇಳಿಬಿಡುತ್ತೇನೆ. ಶಿರಹಟ್ಟಿ ತಾಲೂಕಿನ ಆ 54 ಹೆಕ್ಟೇರ್ ಕೆರೆಗೆ 2024ರ ಜನವರಿಯಲ್ಲಿ ರಾಮ್ಸಾರ್ ಮಾನ್ಯತೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿ ಎಂಬ ಮನ್ನಣೆ, ಬಂತು. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ನವೆಂಬರಿನಿಂದ ಮಾರ್ಚಿನವರೆಗೆ ಇಲ್ಲೇ ಇರುತ್ತವೆ. ಹಗಲು ನೀರಿನ ಮೇಲೆ ವಿಶ್ರಾಂತಿ, ಕತ್ತಲಾದ ಮೇಲೆ, ನಸುಕಿನಲ್ಲಿ ಸುತ್ತಲಿನ ಶೇಂಗಾ, ಕಡಲೆ ಹೊಲಗಳಿಗೆ ಮೇಯಲು ಹಾರಾಟ. 2017ರ ಜೌಗುಭೂಮಿ ನಿಯಮಗಳು ಕೆರೆಯ ಸರಾಸರಿ ಗರಿಷ್ಠ ನೀರಿನ ಮಟ್ಟದಿಂದ 50 ಮೀಟರ್ ಒಳಗೆ ಕಾಯಂ ಕಟ್ಟಡ ಬೇಡ ಎನ್ನುತ್ತವೆ. ಐವತ್ತು ಮೀಟರ್ ಬಿಟ್ಟು ಐವತ್ತೊಂದನೆಯದರಲ್ಲಿ ‘ಲೇಕ್ ವ್ಯೂ’ ಕಟ್ಟಿ, ಡಿಸೆಂಬರ್ 31ರ ರಾತ್ರಿ ಫ್ಲಡ್‌ಲೈಟು, ಡಿಜೆ ಹಚ್ಚಿದರೆ? ಹಕ್ಕಿ ಬರುವ ಕಾಲವೂ ಪಾರ್ಟಿಯ ಕಾಲವೂ ಒಂದೇ ಆಗಿರುವುದು ನಮ್ಮ ದುರದೃಷ್ಟ. ಅದೇ ನಿಯಮಗಳಲ್ಲಿ ‘ಪ್ರಭಾವ ವಲಯ’ ಎಂಬ ಮಾತಿದೆ, ಅಂದರೆ ಅಲ್ಲಿ ಏನು ನಡೆದರೂ ಕೆರೆಗೆ ತಟ್ಟುವ ಸುತ್ತಲಿನ ನೆಲ. ಹಕ್ಕಿ ಮೇಯುವ ಹೊಲ, ಕೆರೆಗೆ ನೀರು ತರುವ ಹಳ್ಳ ಎರಡನ್ನೂ ಅದರೊಳಗೆ ಹಿಡಿದು ಗುರುತಿಸಬೇಕಾದದ್ದು ರೆಸಾರ್ಟಿನ ಅರ್ಜಿ ಬರುವ ಮೊದಲು. ಬಂದ ಮೇಲೆ ಗುರುತಿಸಿದರೆ ದ್ವೇಷ ಎನ್ನುತ್ತಾರೆ.

ಮೊದಲು ಕಟ್ಟಲಿ, ಆಮೇಲೆ ನೋಡೋಣ ಎನ್ನುವವರಿಗೆ ದೂರದ ಉದಾಹರಣೆ ಬೇಡ. ಇದೇ ಹೆದ್ದಾರಿ ಹಿಡಿದು ಮೂಡಣಕ್ಕೆ ಹೋದರೆ ಹಂಪಿ. ಹೊಳೆಯಾಚೆ ವಿರೂಪಾಪುರ ಗಡ್ಡಿಯಲ್ಲಿ ವರ್ಷಾನುಗಟ್ಟಲೆ ನಡೆದ ರೆಸಾರ್ಟುಗಳನ್ನು 2020ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನ ಮೇಲೆ ಕೆಡವಿದರು. ಕೆಡವಿದ್ದು ಸರಿಯೇ. ಆದರೆ ಅಲ್ಲಿ ಅಡುಗೆ ಮಾಡುತ್ತಿದ್ದವರು, ಆಟೋ ಓಡಿಸುತ್ತಿದ್ದವರು ಒಂದೇ ದಿನಕ್ಕೆ ಬೀದಿಗೆ ಬಂದರು. ಶುರುವಿನಲ್ಲೇ ಇಲ್ಲ ಎಂದಿದ್ದರೆ ಆ ಸಂಕಟವೇ ಇರುತ್ತಿರಲಿಲ್ಲ.

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಪದ್ಧತಿಯನ್ನೊಮ್ಮೆ ಓದಿ ನೋಡಿದೆ. ಅಲ್ಲಿ ಮನೆಯವರೇ ಕೋಣೆ ಕೊಟ್ಟು ಮುಂಜಾನೆ ನಾಷ್ಟಾ ಹಾಕುವ ವಸತಿಗಳು ಬಹಳ ಹಳೆಯವು. ಇದ್ದ ಸಣ್ಣ ಕಟ್ಟಡವನ್ನು ಹೊರಗಿನಿಂದ ಹೆಚ್ಚು ಕೆಡಿಸದೆ ಬೇರೆ ಬಳಕೆಗೆ ತಂದರೆ ಅಲ್ಲಿನ ಪರಿಸರ ಪರಿಶೀಲನೆಯಿಂದ ವಿನಾಯಿತಿ ಸಿಗುತ್ತದೆ. ಜಾಗ ಸೂಕ್ಷ್ಮವಾದದ್ದಾದರೆ ಆ ವಿನಾಯಿತಿ ಬಿದ್ದುಹೋಗುತ್ತದೆ. ಅನುಮತಿಗೆ ವಿಚಾರಣೆ ಇದ್ದಲ್ಲಿ 300 ಅಡಿ ಸುತ್ತಲಿನ ಆಸ್ತಿದಾರರಿಗೆ ನೋಟಿಸು ಮುಟ್ಟಿಸಬೇಕು. ಅವರ ಕಾಯ್ದೆಯನ್ನು ಇಲ್ಲಿ ತಂದು ಹಚ್ಚಿ ಎಂದಲ್ಲ, ಆದರೆ ಸಣ್ಣವರಿಗೆ ಸಲೀಸು, ಸೂಕ್ಷ್ಮ ಜಾಗಕ್ಕೆ ಬಿಗಿ ಎನ್ನುವ ಅದರ ಲೆಕ್ಕಾಚಾರ ನನಗೆ ಹಿಡಿಸಿತು.

ನಮ್ಮಲ್ಲಿ ಇದಕ್ಕೆ ಹೊಸ ಕಾನೂನು ಬೇಡ. ಕಲಂ 95ರಡಿ ಎನ್.ಎ. ಆದೇಶಕ್ಕೆ ಷರತ್ತು ಹಾಕುವ ಅಧಿಕಾರ ತಮಗಿದೆ. ಅತಿಥಿಗಳನ್ನು ಇಡುವ ಯಾವುದೇ ಹೊಸ ಕಟ್ಟಡಕ್ಕೆ ಹೊಲ ಪರಿವರ್ತನೆ ಕೇಳಿದರೆ ಎರಡು ಪುಟದ ಒಂದು ಹೇಳಿಕೆ ಕಡ್ಡಾಯ ಮಾಡಿ: ದಿನಕ್ಕೆ ಎಷ್ಟು ನೀರು, ಯಾವ ಮೂಲದಿಂದ, ಸುತ್ತಲಿನ ಬೋರುಗಳ ಸ್ಥಿತಿ ಏನು, ಹೊಲಸು ನೀರು ಎಲ್ಲಿಗೆ, ರಾತ್ರಿ ಬೆಳಕು ಯಾವ ದಿಕ್ಕಿಗೆ, ಹಳ್ಳದಿಂದ ಎಷ್ಟು ದೂರ. ಆ ಹೇಳಿಕೆ ಗ್ರಾಮಸಭೆಯಲ್ಲಿ ಓದಿಸಿ, ಅಕ್ಕಪಕ್ಕದ ಹೊಲದವರ ಮಾತು ಠರಾವಿನಲ್ಲಿ ಬರೆಸಿ. ಆಮೇಲೆ ಆದೇಶ. ಒಂದೇ ಗೇಟು, ಒಂದೇ ಬೋರು ಇದ್ದರೆ ನಾಲ್ಕು ಅರ್ಜಿಗಳನ್ನೂ ಒಂದೇ ಎಂದು ಎಣಿಸಿ. ಮಾಲೀಕರು ಅಲ್ಲಿ ವಾಸವಿದ್ದಾರೋ ಇಲ್ಲವೋ ನೋಡಲು ಪಡಿತರ ಚೀಟಿಯ ವಿಳಾಸ ಸಾಕು, ಸಮಿತಿ ಬೇಡ. ಸ್ಮಾರಕಗಳ 100-200 ಮೀಟರಿನ ಸುತ್ತು, ಕೆರೆಯ 50 ಮೀಟರ್, ಧಾಮದ ಗಡಿ, ಹಳ್ಳಗಳು ಇಷ್ಟನ್ನೂ ಸರ್ವೇ ನಂಬರ್ ಸಮೇತ ಒಂದೇ ಹಾಳೆಯಲ್ಲಿ ತೋರಿಸುವ ನಕಾಶೆ ಪ್ರತಿ ಪಂಚಾಯ್ತಿಯಲ್ಲಿ ತೂಗುಬೀಳಲಿ. ಈಗ ಇವೆಲ್ಲ ಬೇರೆ ಬೇರೆ ಇಲಾಖೆಯ ಕಪಾಟಿನಲ್ಲಿವೆ. ಹೊಲ ಮಾರುವವನಿಗೂ ಗೊತ್ತಿಲ್ಲ, ಕೊಳ್ಳುವವನಿಗೂ ಗೊತ್ತಿಲ್ಲ.

ಲಕ್ಕುಂಡಿಯವರಿಗೆ ಬೇಕಾದದ್ದು ಬೇರೆ. ಪುರಾತತ್ವ ಇಲಾಖೆ, ಪ್ರವಾಸೋದ್ಯಮ, ಪೊಲೀಸು, ಪಂಚಾಯ್ತಿ ನಾಲ್ವರೂ ಒಂದೇ ದಿನ ಊರಲ್ಲೇ ಕೂತು 20-ಸಿ ಅರ್ಜಿ ತುಂಬಿಸಿಕೊಳ್ಳುವ ಶಿಬಿರ. ರಾಜ್ಯ ಸಂರಕ್ಷಿತ ಗುಡಿಗಳಿಗೆ 1961ರ ಬೇರೆ ಕಾಯ್ದೆ ಇರುವುದರಿಂದ ರಾಜ್ಯ ಇಲಾಖೆಯವರೂ ಬರಬೇಕು. ಓಣಿಯಲ್ಲಿ ಟೆಂಪೊ ಟ್ರಾವೆಲರ್ ನುಗ್ಗದಂತೆ ಊರ ಹೊರಗೆ ನಿಲುಗಡೆ, ರಾತ್ರಿ ಹತ್ತರ ಮೇಲೆ ಸದ್ದು ಬೇಡ, ಬಂದವರ ಹೆಸರು ಬರೆಯುವ ವಹಿ. ನೆರೆಯವರ ತಕರಾರು ಬಹುಮಟ್ಟಿಗೆ ಇಷ್ಟರದ್ದೇ.

"ಬರುವ ಬಂಡವಾಳ ಓಡಿಸಬ್ಯಾಡ್ರಿ" ಎನ್ನುವ ಮಾತು ಬಂದೇ ಬರುತ್ತದೆ. ಮಳೆ ಕೈಕೊಟ್ಟ ವರ್ಷ ಹೊಲ ಮಾರಿದವರನ್ನು ನಾನು ದೂರುವುದಿಲ್ಲ. ಅವರಿಗೆ ಬಂದ ಬೆಲೆ ಬರಲಿ. ಆದರೆ ಕಾಟೇಜಿನ ಕೆಲಸ ಊರವರಿಗೆ ಎಷ್ಟು ಸಿಗುತ್ತದೆ? ಗೇಟು ಕಾಯುವುದು, ಪಾತ್ರೆ ತೊಳೆಯುವುದು. ಹಳೇ ಮನೆಯ ಎರಡು ಕೋಣೆಯ ಬಾಡಿಗೆ ಪೂರ್ತಿ ಮನೆಯೊಡತಿಯ ಸೆರಗಿನ ಗಂಟಿಗೇ ಬೀಳುತ್ತದೆ. ರೊಟ್ಟಿಯ ಜೋಳ ಪಕ್ಕದ ಹೊಲದ್ದು, ಮಾಳಿಗೆಗೆ ಮಣ್ಣು ಹಾಕುವ ಗೌಂಡಿಯೂ ಊರಿನವನು. ಯಾವುದಕ್ಕೆ ಸರ್ಕಾರದ ಬೆನ್ನು ತಟ್ಟುವಿಕೆ ಬೇಕು ಎಂದು ತಾವೇ ತೂಗಿ ನೋಡಿ.

ಹೆಬ್ಬಾತುಗಳು ನವೆಂಬರಿನಲ್ಲಿ ಬರುತ್ತವೆ. ಅದಕ್ಕೆ ಮುಂಚೆ ಮಾಗಡಿಯ ಪ್ರಭಾವ ವಲಯ ಗುರುತಿಸುವ ಕೆಲಸವನ್ನಾದರೂ ಕೈಗೆತ್ತಿಕೊಳ್ಳಿ, ಅಲ್ಲಿಯವರೆಗೆ ಕೆರೆ ಮತ್ತು ಗುಡ್ಡದ ಸುತ್ತಲಿನ ಪ್ರವಾಸಿ ಕಟ್ಟಡಗಳ ಎನ್.ಎ. ಅರ್ಜಿಗಳನ್ನು ತಡೆಹಿಡಿಯಿರಿ. ಲಕ್ಕುಂಡಿಯ ಶಿಬಿರ ಇಟ್ಟ ದಿನ ನನ್ನ ಕಸುಬಿನ ಇನ್ನಿಬ್ಬರು ಮತ್ತು ನಾನು ಟೇಪು, ಹಾಳೆ ಹಿಡಿದು ಬರುತ್ತೇವೆ. ಮನೆಗಳ ಅಳತೆ ತೆಗೆದು ನಕಾಶೆ ಮಾಡಿಕೊಡುವುದು ನಮ್ಮ ಪಾಲಿಗಿರಲಿ, ಅದಕ್ಕೆ ಯಾರಿಂದಲೂ ಫೀ ತೆಗೆದುಕೊಳ್ಳುವುದಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಗದಗ-ಬೆಟಗೇರಿಯ ಒಬ್ಬ ಮನೆ ನಕಾಶೆಗಾರ